ಜ್ವರ ಇಟ್ಕೊಂಡು ಡ್ಯೂಟಿಗೆ ಹೋದವರಿಗೆ ಶಾಲು ಹೊದಿಸೋದು ಯಾಕ್ರೀ?

ಓದುಗರ ಪತ್ರ: "ಸಂಪಾದಕರೇ, ನಾನು ಬ್ಯಾಂಕಿಂದ ರಿಟೈರ್ ಆದವನು, ಶಿವಮೊಗ್ಗದಲ್ಲಿದ್ದೀನಿ. ಇಡೀ ಸರ್ವೀಸಲ್ಲಿ ನೆಗಡಿ, ಜ್ವರ ಅಂತ ಒಂದು ದಿನ ರಜೆ ಹಾಕಿದವನಲ್ಲ. ಮೆಣಸು, ಶುಂಠಿ, ಜೀರಿಗೆ ಹಾಕಿದ ಕಷಾಯ ಕುಡಿದು ಹೋಗಿ ಕೌಂಟರಲ್ಲಿ ಕೂರ್ತಿದ್ದೆ. ಈಗಿನ ಹುಡುಗ್ರು ಎರಡು ಸಲ ಸೀನಿದ್ರೆ ವರ್ಕ್ ಫ್ರಮ್ ಹೋಮ್ ಅಂತಾರೆ. ಮೊನ್ನೆ ನನ್ನ ಮಗಳ ಮನೇಲಿ ಮೊಮ್ಮಗನಿಂದ ಶುರುವಾಗಿ ಎಲ್ಲರಿಗೂ ಸಾಲಾಗಿ ಫ್ಲೂ ಬಂತು. ಮನೆಮದ್ದು ಬಿಟ್ಟಿದ್ದಕ್ಕೇ ಹೀಗೆ ಅನ್ನೋದು ನನ್ನ ವಾದ. ನೀವೇನಂತೀರಿ? ಮತ್ತೆ ಈ ಫ್ಲೂ ಇಂಜೆಕ್ಷನ್ ನನ್ನಂಥ ವಯಸ್ಸಾದವರಿಗೆ ಬೇಕಾ?"

ಸಂಪಾದಕರ ಉತ್ತರ:

ಸಾರ್, ಕಷಾಯದ ವಿಷಯ ಮೊದ್ಲೇ ಮುಗಿಸಿಬಿಡ್ತೀನಿ, ಯಾಕಂದ್ರೆ ಅದರ ಜೊತೆ ನಂಗೇನೂ ಜಗಳ ಇಲ್ಲ. ಗಂಟಲಿಗೆ ಹಿತ, ಬಿಸಿಬಿಸಿ ನೀರು ಹೊಟ್ಟೆಗೆ ಹೋಗತ್ತೆ, ಯಾರೋ ನಮಗೋಸ್ಕರ ಕುಟ್ಟಿ ಕುದಿಸಿ ಕೊಟ್ರಲ್ಲ ಅನ್ನೋ ಸಮಾಧಾನ ಬೇರೆ. ನಾನೂ ಕುಡೀತೀನಿ, ಬೆಲ್ಲ ಒಂಚೂರು ಜಾಸ್ತಿ. ಆದ್ರೆ ನೀವೇ ಯೋಚ್ನೆ ಮಾಡಿ, ಕಷಾಯ ಕುಡಿದಿದ್ದು ನೀವು, ಸೀನಿದ್ದು ಮಾತ್ರ ಕೌಂಟರಿನ ಆಚೆ ಪೆನ್ಷನ್ ತಗೊಳಕ್ಕೆ ನಿಂತಿದ್ದ ಅಜ್ಜಿ ಮುಖಕ್ಕೆ. ಆ ಅಜ್ಜಿಗೆ ಆಮೇಲೆ ಏನಾಯ್ತು ಅಂತ ನಿಮ್ಮ ಸರ್ವೀಸ್ ರೆಕಾರ್ಡಲ್ಲಿ ಬರೆದಿರಲ್ಲ ನೋಡಿ.

ಬೇಜಾರ್ ಮಾಡ್ಕೋಬೇಡಿ. ನಿಮ್ಮ ತಲೆಮಾರಿನ ಶಿಸ್ತಿನ ಬಗ್ಗೆ ನಿಜವಾಗ್ಲೂ ಗೌರವ ಇದೆ, ಸುಮ್ಸುಮ್ನೆ ರಜೆ ಹಾಕೋರು ಎಲ್ಲಾ ಆಫೀಸಲ್ಲೂ ಇದ್ದಾರೆ ಅನ್ನೋದೂ ನಿಜ, ಇಬ್ಬರೇ ಕೆಲಸದವರನ್ನ ಇಟ್ಕೊಂಡು ಅಂಗಡಿ ನಡೆಸೋನಿಗೆ ಒಬ್ಬ ಬರದಿದ್ರೆ ಎಷ್ಟು ಕಷ್ಟ ಅಂತಲೂ ಗೊತ್ತು. ಇಷ್ಟು ಒಪ್ಕೊಂಡೆ. ಈಗ ನನ್ನ ಸರದಿ.

ಫ್ಲೂ ವೈರಸ್ ಮೈಗೆ ಹೊಕ್ಕ ಮೇಲೆ ಒಂದರಿಂದ ನಾಲ್ಕು ದಿನದೊಳಗೆ ಲಕ್ಷಣ ಕಾಣತ್ತೆ, ಹೆಚ್ಚಿನವರಿಗೆ ಎರಡನೇ ದಿನಕ್ಕೇ. ಮಜಾ ಏನಂದ್ರೆ ಲಕ್ಷಣ ಕಾಣೋಕೆ ಒಂದು ದಿನ ಮುಂಚೆಯಿಂದ್ಲೇ ನಾವು ಹಂಚಕ್ಕೆ ಶುರು ಮಾಡಿರ್ತೀವಿ, ಆಮೇಲೆ ಐದಾರು ದಿನ ಹಂಚ್ತಾನೇ ಇರ್ತೀವಿ, ಮಕ್ಕಳಾದ್ರೆ ಇನ್ನೂ ಜಾಸ್ತಿ ದಿನ. ಮೊದಲ ಮೂರು ದಿನ ಅಂತೂ ಧಾರಾಳವಾಗಿ. ನಮ್ಮ ಜನ ಎದ್ದು ಆಫೀಸಿಗೆ ಹೋಗೋದು ಸರಿಯಾಗಿ ಆ ಮೂರೇ ದಿನ, "ಇನ್ನೂ ಪೂರ್ತಿ ಬಿದ್ದಿಲ್ಲ, ನಡೀತದೆ" ಅಂದ್ಕೊಂಡು, ಬೆಳಗ್ಗೆ ಒಂದು ಡೋಲೋ ನುಂಗಿ. ಡೋಲೋ ಜ್ವರ ಇಳಿಸತ್ತೆ ಸಾರ್, ವೈರಸ್ ಹರಡೋದನ್ನ ನಿಲ್ಲಿಸಲ್ಲ. ಅದರಿಂದ ಆಗೋದು ಇಷ್ಟೇ, ಮಲಗಿರಬೇಕಾದವನು ಎದ್ದು ಓಡಾಡೋ ಹಾಗಾಗ್ತಾನೆ.

1977ರಲ್ಲಿ ಅಮೆರಿಕದ ಅಲಾಸ್ಕಾದಲ್ಲಿ ನಡೆದಿದ್ದೊಂದು ಹೇಳ್ತೀನಿ, ಇದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳೋ ಕಥೆ, ನಮ್ಮ ಆಫೀಸಿನವರು ಕೇಳಿ ಕೇಳಿ ಸುಸ್ತಾಗಿದ್ದಾರೆ. 54 ಜನ ಇದ್ದ ವಿಮಾನ, ಎಂಜಿನ್ ಕೆಟ್ಟು ನೆಲದ ಮೇಲೇ ಮೂರು ಗಂಟೆ ನಿಂತ್ಕೊಂಡ್ತು. ಗಾಳಿ ಆಡಿಸೋ ವ್ಯವಸ್ಥೆನೂ ಬಂದ್. ಜನ ಬಹುತೇಕ ಒಳಗೇ ಕೂತಿದ್ರು. ಒಳಗೆ ಒಬ್ಬರಿಗೆ ಫ್ಲೂ ಇತ್ತು. ಮೂರು ದಿನದೊಳಗೆ ಪ್ರಯಾಣಿಕರಲ್ಲಿ 72% ಜನ ಮಲಗಿದ್ರು! ಯಾರು ವಿಮಾನದೊಳಗೆ ಜಾಸ್ತಿ ಹೊತ್ತು ಕೂತಿದ್ರೋ ಅವರಿಗೇ ಹೆಚ್ಚು ಬಂದಿತ್ತು. ಒಬ್ಬ ರೋಗಿ, ಒಂದು ಮುಚ್ಚಿದ ಡಬ್ಬಿ, ಮೂರು ಗಂಟೆ, ಅಷ್ಟೇ.

ಈಗ ನಮ್ಮ ಆಫೀಸುಗಳನ್ನ ನೆನಪು ಮಾಡ್ಕೊಳಿ. ಬೆಂಗಳೂರಲ್ಲಿ 1898ರಲ್ಲಿ ಪ್ಲೇಗ್ ಬಂತಲ್ಲ, ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತಿದ್ದನ್ನ ನೋಡಿ, ಊರಾಚೆ ಅಗಲ ರಸ್ತೆ, ಗಾಳಿ ಬೆಳಕು ಅಂತೆಲ್ಲ ಲೆಕ್ಕ ಹಾಕಿ ಬಸವನಗುಡಿ, ಮಲ್ಲೇಶ್ವರ ಬಡಾವಣೆ ಮಾಡಿದ್ರು. ಪ್ಲೇಗ್ ಹರಡೋ ದಾರಿ ಬೇರೆ, ಫ್ಲೂದು ಬೇರೆ, ಅದು ಗೊತ್ತು, ಆದ್ರೆ ಮನೆಗೆ ಗಾಳಿ ಬೇಕು ಅನ್ನೋ ಬುದ್ಧಿ ಆಗ ಇತ್ತು. ಅದೇ ಊರಲ್ಲಿ, ವರ್ಷದ ಹೆಚ್ಚು ದಿನ ಕಿಟಕಿ ತೆಗೆದಿಟ್ರೆ ಫ್ಯಾನೂ ಬೇಡ ಅನ್ನೋ ಹವೆ ಇರೋ ಊರಲ್ಲಿ, ಈಗ ಕಟ್ಟೋದು ತೆಗೆಯಕ್ಕೇ ಬರದ ಗಾಜಿನ ಕಿಟಕಿಯ ಬಿಲ್ಡಿಂಗು. ಒಳಗೆ ನೂರಾರು ಜನ, ಒಂದೇ ಎಸಿ, ಹೊರಗಿನ ಗಾಳಿ ಒಳಗೆ ತಗೊಳಕ್ಕೆ ಕರೆಂಟ್ ಖರ್ಚು ಅಂತ ಅದನ್ನೂ ಕಮ್ಮಿ ಮಾಡಿರ್ತಾರೆ. ಬಾಗಿಲಲ್ಲಿ ಮಾತ್ರ ಸ್ಯಾನಿಟೈಸರ್ ಬಾಟ್ಲು, ಅದೂ ಖಾಲಿ. ಪಕ್ಕದಲ್ಲೇ ಎಲ್ಲರೂ ಹೆಬ್ಬೆಟ್ಟು ಒತ್ತೋ ಹಾಜರಿ ಮೆಷೀನು.

ಕೈ ತೊಳೆಯೋದು ಬೇಡ ಅಂತಿಲ್ಲ ನಾನು. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿದ್ರೆ ಈ ವೈರಸ್ಸಿನ ಮೇಲಿರೋ ಕೊಬ್ಬಿನ ಹೊದಿಕೆ ಹರಿದುಹೋಗತ್ತೆ, ಅಲ್ಲಿಗೆ ಅದರ ಕಥೆ ಮುಗೀತು. ಸ್ಟೀಲು, ಪ್ಲಾಸ್ಟಿಕ್ ಮೇಲೆ ಅದು ಒಂದೆರಡು ದಿನ ಬದುಕಿರಬಲ್ಲದು, ಕೈ ಮೇಲೆ ಐದು ನಿಮಿಷದಷ್ಟು, ಅಷ್ಟು ಸಾಕು ಮೂಗು ಕಣ್ಣು ಉಜ್ಜಿಕೊಳಕ್ಕೆ. ಸೀನು ಬಂದ್ರೆ ಅಂಗೈಗಲ್ಲ, ಮೊಣಕೈ ಮಡಚಿ ಅದಕ್ಕೆ ಸೀನಿ. ಇದೆಲ್ಲ ಕೊರೊನಾ ಕಾಲದಲ್ಲಿ ಕಾಲರ್ ಟ್ಯೂನಲ್ಲೇ ಬಾಯಿಪಾಠ ಆಗಿದೆ, ಮತ್ತೆ ಕೊರೀಬಾರದು. ನನ್ನ ಸಿಟ್ಟು ಏನಂದ್ರೆ, ಎಲ್ಲಾ ಉಪದೇಶನೂ ನೌಕರನ ಕೈಗೇ, ಮಾಲೀಕನ ಕಿಟಕಿಗೆ, ರಜೆ ರಿಜಿಸ್ಟರಿಗೆ ಯಾರೂ ಉಪದೇಶ ಮಾಡಲ್ಲ.

ರಜೆ ಅಂದ್ರೆ ನೆನಪಾಯ್ತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆ ಬಿದ್ರೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಅಂತ ಬರೆದಿದೆ. ಎಷ್ಟು ಬಟ್ಟೆ ಅಂಗಡಿ ಹುಡುಗೀರಿಗೆ ಇದು ಗೊತ್ತು ಹೇಳಿ? ಇಎಸ್‌ಐ (ನೌಕರರ ವಿಮೆ) ಕಾರ್ಡ್ ಇರೋರಿಗೆ ಡಾಕ್ಟರ್ ಸರ್ಟಿಫಿಕೇಟ್ ಕೊಟ್ರೆ ಸಂಬಳದ 70% ಬರೋ ವ್ಯವಸ್ಥೆ ಇದೆ, ವರ್ಷಕ್ಕೆ 91 ದಿನದ ಮಿತಿ. ಕಾಗದದಲ್ಲಿ ಎಲ್ಲಾ ಚೆನ್ನಾಗೇ ಇದೆ. ಆದ್ರೆ ಮೂರು ದಿನ ಬರದಿದ್ರೆ "ನಾಳೆಯಿಂದ ಬರಲೇಬೇಡ" ಅನ್ನೋ ಸೂಪರ್‌ವೈಸರ್ ಮುಂದೆ ಯಾರ್ ಸಾರ್ ಕಾಯ್ದೆ ಪುಸ್ತಕ ತೆಗೀತಾರೆ? ಇನ್ನು ಮನೆ ಬಾಗಿಲಿಗೆ ಊಟ ತರೋ ಡೆಲಿವರಿ ಹುಡುಗನಿಗೆ ಈ ರಿಜಿಸ್ಟರೇ ಇಲ್ಲ, ಮಲಗಿದ ದಿನ ದುಡ್ಡಿಲ್ಲ. ಅವನು ಕೆಮ್ಮಿಕೊಂಡೇ ನಿಮ್ಮ ಮಸಾಲೆ ದೋಸೆ ತರ್ತಾನೆ, ನಾವು ಮೂಗು ಮುಚ್ಕೊಂಡು ಪೊಟ್ಟಣ ಇಸ್ಕೊಂಡು ಬಾಗಿಲು ಹಾಕ್ಕೋತೀವಿ.

ಇನ್ನು ನಿಮ್ಮ ಮೊಮ್ಮಗನ ವಿಷಯ. ಅವನಿಂದ ಶುರುವಾಯ್ತು ಅಂದ್ರಿ, ಅವನಿಗೆಲ್ಲಿಂದ ಬಂತು? ಕ್ಲಾಸಲ್ಲಿ ಪಕ್ಕದ ಮಗುವಿಂದ, ಮತ್ತೆಲ್ಲಿಂದ. ಆ ಮಗುವಿನ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗೋರು, ರಜೆ ಸಿಗಲ್ಲ, ಮನೇಲಿ ನೋಡ್ಕೊಳೋರಿಲ್ಲ, ಬೆಳಗ್ಗೆ ಸಿರಪ್ ಕುಡಿಸಿ ವ್ಯಾನ್ ಹತ್ತಿಸಿದ್ರು ಅಂದ್ಕೊಳಿ, ಬೈಯೋದಾದ್ರೂ ಹೇಗೆ ಅವರನ್ನ? ಇದರ ಮೇಲೆ ವರ್ಷದ ಕೊನೇಲಿ ಸ್ಕೂಲ್ ಡೇ ದಿನ ಫುಲ್ ಅಟೆಂಡೆನ್ಸ್ ಪ್ರೈಜು, ಸ್ಟೇಜ್ ಮೇಲೆ ಕರೆದು ಸರ್ಟಿಫಿಕೇಟು, ಚಪ್ಪಾಳೆ. ನಾನು ಒಂದು ಸಲ ಇಂಥಾ ಪ್ರೈಜ್ ಕೊಡಕ್ಕೆ ಅತಿಥಿಯಾಗಿ ಹೋಗಿ, ಜ್ವರ ಬಂದಾಗ ಮನೇಲಿದ್ದ ಮಕ್ಕಳಿಗೂ ಚಪ್ಪಾಳೆ ತಟ್ಟಿ ಅಂದ್ಬಿಟ್ಟೆ. ಹೆಡ್‌ಮಾಸ್ಟರ್ ಮುಖ ಸಪ್ಪಗಾಯ್ತು, ಆಮೇಲೆ ಆ ಕಡೆಯಿಂದ ಕರೆ ಬಂದಿಲ್ಲ.

ಮನೆಗೆ ಬಂದ ಫ್ಲೂ ಸಾಲಾಗಿ ಎಲ್ಲರನ್ನೂ ಮಲಗಿಸೋದು ಕಷಾಯ ಬಿಟ್ಟಿದ್ದಕ್ಕಲ್ಲ ಸಾರ್. ರೋಗಿಗೆ ಒಂದು ರೂಮು, ಆ ರೂಮಿನ ಕಿಟಕಿ ತೆಗೆದಿರಬೇಕು, ನೋಡ್ಕೊಳೋರು ಒಬ್ಬರೇ ಇರಬೇಕು, ಅವರು ಹತ್ತಿರ ಹೋಗುವಾಗ ಮಾಸ್ಕ್ ಹಾಕಬೇಕು, ಟವೆಲ್ಲು ಲೋಟ ಬೇರೆ. ಜ್ವರದ ಮಾತ್ರೆ ಇಲ್ಲದೇನೇ ಒಂದು ಪೂರ್ತಿ ದಿನ ಜ್ವರ ಇಲ್ಲ ಅಂತಾದ್ಮೇಲೆ ಹೊರಗೆ. ಎರಡು ರೂಮಿನ ಮನೇಲಿ ಆರು ಜನ ಇದ್ರೆ ಇದು ಹೇಳಿದಷ್ಟು ಸುಲಭ ಅಲ್ಲ, ಗೊತ್ತು, ಆದ್ರೂ ಕಿಟಕಿ ತೆಗೆಯಕ್ಕೆ ದುಡ್ಡು ಕೊಡಬೇಕಾಗಿಲ್ಲ. ನಮ್ಮಲ್ಲಿ ಮಾಡೋದೇ ಉಲ್ಟಾ, ಗಾಳಿ ತಾಗ್ಬಾರ್ದು ಅಂತ ಕಿಟಕಿ ಬಾಗಿಲೆಲ್ಲ ಭದ್ರ ಮಾಡಿ, ಅದೇ ರೂಮಲ್ಲಿ ಇಡೀ ಮನೆ ಕೂತು ಟಿವಿ ನೋಡ್ತೀವಿ. ಮತ್ತೆ ಒಂದು ಮಾತು ಕೇಳ್ತೀನಿ, ನಿಮ್ಮ ಮಗಳಿಗೂ ಜ್ವರ ಬಂದಿತ್ತು ಅಂದ್ರಲ್ಲ, ಆವತ್ತು ಒಲೆ ಹಚ್ಚಿದ್ದು ಯಾರು? ಅವರೇ ಅಂತ ನನ್ನ ಅಂದಾಜು. ರಜೆನೇ ಇಲ್ಲದ ಕೆಲಸ ಅದೊಂದು, ಜ್ವರದಲ್ಲೂ ಎಲ್ಲರ ತಟ್ಟೆಗೆ ಅನ್ನ ಬಡಿಸೋದು ಅದೇ ಕೈ. ಮಾವನೋ, ಗಂಡನೋ, ಬಂದಿರೋ ಅಪ್ಪನೋ, ಯಾರಾದ್ರೂ ಎರಡು ದಿನ ಗಂಜಿ ಬೇಯಿಸಿದ್ರೆ ಮನೆಯವರಿಗೆಲ್ಲ ಒಳ್ಳೇದು.

ಇನ್ನೊಂದು. ದಯವಿಟ್ಟು ಮೆಡಿಕಲ್ ಶಾಪಲ್ಲಿ ಕೇಳಿ ಅಜಿತ್ರೊಮೈಸಿನ್ ತಗೋಬೇಡಿ. 2023ರ ಮಾರ್ಚಲ್ಲಿ ಎಚ್‌3ಎನ್‌2 ಅನ್ನೋ ಫ್ಲೂ ತಳಿ ಜೋರಾಗಿ, ಹಾಸನ ಜಿಲ್ಲೆಯಲ್ಲಿ ವಯಸ್ಸಾದವರೊಬ್ಬರು ತೀರಿಕೊಂಡು ಎಲ್ಲರೂ ಗಾಬರಿ ಬಿದ್ದಿದ್ರು, ಅದೇ ತಿಂಗಳ ಮೊದಲಲ್ಲೇ ಭಾರತೀಯ ವೈದ್ಯಕೀಯ ಸಂಘದವರೇ ಫ್ಲೂಗೆ ಆಂಟಿಬಯೋಟಿಕ್ ಕೊಡಬೇಡಿ ಅಂತ ಡಾಕ್ಟರುಗಳಿಗೇ ಹೇಳಬೇಕಾಯ್ತು. ಅದು ಬ್ಯಾಕ್ಟೀರಿಯಾಕ್ಕೆ ಇರೋ ಔಷಧಿ. ಉಸಿರಾಡಕ್ಕೆ ಕಷ್ಟ, ಎದೆ ನೋವು, ಮಂಪರು, ಅಥವಾ ಕಮ್ಮಿ ಆಗಿ ಮತ್ತೆ ಜೋರಾದ ಜ್ವರ, ಇವು ಕಂಡ್ರೆ ಕಷಾಯಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಫ್ಲೂಗೇ ಅಂತ ಇರೋ ಔಷಧಿ ಕೆಲಸ ಮಾಡೋದು ಮೊದಲ 48 ಗಂಟೆಯೊಳಗೆ ಶುರು ಮಾಡಿದ್ರೆ ಚೆನ್ನಾಗಿ.

ಇಂಜೆಕ್ಷನ್ ಬೇಕಾ ಅಂದ್ರಿ. ಬೇಕು ಅನ್ನೋದೇ ನನ್ನ ಅಭಿಪ್ರಾಯ, 65 ದಾಟಿದವರು, ಶುಗರ್, ಹಾರ್ಟು, ಆಸ್ತಮಾ ಇರೋರು, ಬಸುರಿಯರು ಮೊದಲ ಸಾಲು, ಆದ್ರೂ ನಿಮ್ಮ ಡಾಕ್ಟರನ್ನ ಕೇಳೇ ತಗೊಳಿ. ವೈರಸ್ ವೇಷ ಬದಲಾಯಿಸ್ತಾ ಇರೋದ್ರಿಂದ ಲಸಿಕೆನೂ ಪ್ರತಿ ವರ್ಷ ಹೊಸದು, ಪ್ರತಿ ವರ್ಷ ಹಾಕಿಸ್ಕೋಬೇಕು. ಫ್ಲೂ ಬರೋದನ್ನ ಪೂರ್ತಿ ತಡೆಯಲ್ಲ, ಬಂದ್ರೂ ಐಸಿಯುವರೆಗೆ ಹೋಗೋ ಸಂಭವ ಕಮ್ಮಿ ಮಾಡತ್ತೆ. ನಮ್ಮ ದೇಶದಲ್ಲಿ ಜನವರಿಯಿಂದ ಮಾರ್ಚ್, ಆಮೇಲೆ ಮಳೆಗಾಲ ಮುಗೀತಾ ಬಂದಾಗ, ಹೀಗೆ ಎರಡು ಸಲ ಫ್ಲೂ ಏರತ್ತೆ, ಶಿವಮೊಗ್ಗದವರು ಮಳೆ ಹಿಡಿಯೋಕೆ ಮುಂಚೆ, ಮೇ ತಿಂಗಳಲ್ಲೇ ಹಾಕಿಸ್ಕೊಂಡ್ರೆ ಅನುಕೂಲ. ಸರ್ಕಾರದ ಸಾರ್ವತ್ರಿಕ ಲಸಿಕೆ ಪಟ್ಟಿಯಲ್ಲಿ ಇದಿಲ್ಲ, ಖಾಸಗಿ ಕ್ಲಿನಿಕ್ಕಲ್ಲಿ ಸಾವಿರ ರೂಪಾಯಿ ಮೇಲೇ ಆಗತ್ತೆ. ನಿಮ್ಮ ಪೆನ್ಷನ್ನಿಗೆ ಅದು ಭಾರ ಆಗಲಿಕ್ಕಿಲ್ಲ. ಮಗಳ ಮನೆಗೆ ಪಾತ್ರೆ ತೊಳೆಯಕ್ಕೆ ಬರೋರಿಗೂ ಒಂದು ಹಾಕಿಸಿ, ಜ್ವರ ಬಂದ ದಿನ ಸಂಬಳ ಹಿಡೀಬೇಡಿ ಅಂತ ಮಗಳಿಗೂ ಹೇಳಿ.