ಓದುಗರ ಪ್ರಶ್ನೆ: ಕಾಗೋಡಿನ ಕೊಳಗದಿಂದ ಡಿಕ್ಲರೇಶನ್‌ವರೆಗೆ

ಪ್ರಶ್ನೆ: ಚಳವಳಿಗಳಿಂದ ಸಮಾಜ ಬದಲಾಗುತ್ತದೆ ಎಂದು ನಮ್ಮ ಪಠ್ಯದಲ್ಲಿದೆ. ಆದರೆ ಧರಣಿ ಕೂತವರು ಮನವಿಪತ್ರ ಕೊಟ್ಟು ಎದ್ದು ಹೋಗುವುದನ್ನಷ್ಟೇ ನಾನು ಕಂಡಿದ್ದೇನೆ. ಬದಲಾವಣೆ ನಿಜವಾಗಿ ಆಗುವುದು ಹೇಗೆ?
– ಸಮಾಜಶಾಸ್ತ್ರದ ವಿದ್ಯಾರ್ಥಿನಿ, ಹಾಸನ

ಉತ್ತರ: ನಮ್ಮದೇ ನೆಲದ ಒಂದು ಹೋರಾಟವನ್ನು ಹತ್ತಿರದಿಂದ ನೋಡೋಣ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಗೇಣಿ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ದೀವರು ಎಂಬ ಸಮುದಾಯದವರು. ಜಗಳ ಹೊತ್ತಿಕೊಂಡದ್ದು ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಸುಗ್ಗಿ ಮುಗಿದ ಮೇಲೆ ಗೇಣಿಯ ಭತ್ತವನ್ನು ಜಮೀನಿನ ಒಡೆಯರ ಕೊಳಗದಲ್ಲೇ ಅಳೆದು ಕೊಡಬೇಕಿತ್ತು. ಆ ಕೊಳಗವೋ ಸರ್ಕಾರಿ ಅಳತೆಗಿಂತ ದೊಡ್ಡದು. ಇಷ್ಟು ಖಂಡುಗ ಗೇಣಿ ಎಂದು ಮಾತಾಗಿದ್ದರೂ ಪ್ರತಿ ಕೊಳಗದಲ್ಲೂ ಒಂದಿಷ್ಟು ಭತ್ತ ಹೆಚ್ಚಾಗಿ ಒಡೆಯರ ಪಾಲಾಗುತ್ತಿತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ, ಅಳತೆ ನ್ಯಾಯವಾಗಿರಬೇಕು ಎಂದು ಪಟ್ಟು ಹಿಡಿಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ‘ಭೂಮಾಲೀಕತ್ವವನ್ನು ರದ್ದುಪಡಿಸಿ’ ಎಂಬ ಕೂಗಿನಿಂದ ಆ ಹೋರಾಟ ಹುಟ್ಟಲಿಲ್ಲ. ಅಂಗಳದಲ್ಲಿ ವರ್ಷವರ್ಷವೂ ಎಲ್ಲರ ಕಣ್ಣೆದುರೇ ನಡೆಯುತ್ತಿದ್ದ, ಆದರೆ ಯಾರೂ ಬಾಯಿ ಬಿಟ್ಟು ಹೇಳದಿದ್ದ ಅನ್ಯಾಯವನ್ನು ಅನ್ಯಾಯವೆಂದು ಕರೆಯುವುದರಿಂದ ಅದು ಹುಟ್ಟಿತು. ಕೊಳಗ ಎಷ್ಟು ದೊಡ್ಡದಿರಬೇಕು ಎಂದು ಕೇಳಿದವರು ಇಂದಲ್ಲ ನಾಳೆ ಗೇಣಿಯನ್ನಾದರೂ ಏಕೆ ಕೊಡಬೇಕು ಎಂದು ಕೇಳಿಯೇ ಕೇಳುತ್ತಾರೆ. ಒಡೆಯರಿಗೂ ಇದು ಗೊತ್ತಿತ್ತು. ಆದ್ದರಿಂದಲೇ ಅವರು ಸಣ್ಣ ಬೇಡಿಕೆಯನ್ನೂ ಒಪ್ಪದೆ ಗೇಣಿದಾರರನ್ನು ಜಮೀನಿನಿಂದ ಹೊರಹಾಕಲು ಮುಂದಾದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು, ಶಾಂತವೇರಿ ಗೋಪಾಲಗೌಡರು ಮುಂದಾಳತ್ವ ವಹಿಸಿದರು, ರೈತರು ತಂಡ ತಂಡವಾಗಿ ಗದ್ದೆಗಿಳಿದು ಉಳಲು ಹೋಗಿ ಬಂಧನಕ್ಕೊಳಗಾದರು. ಜೂನ್‌ನಲ್ಲಿ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನೂ ಪೊಲೀಸರು ಬಂಧಿಸಿದರು.

ಆ ವರ್ಷದ ಲೆಕ್ಕವನ್ನಷ್ಟೇ ಹಿಡಿದರೆ ಕಾಗೋಡು ಸೋತಿತು ಎನ್ನಬೇಕು. ಜೈಲು ಕಂಡವರು ಮನೆಗೆ ಮರಳಿದರು, ಭೂಮಿ ಅವರದಾಗಲಿಲ್ಲ. ಆದರೆ ಮರುವರ್ಷವೇ, 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ಸಾಗರ-ಹೊಸನಗರ ಕ್ಷೇತ್ರದ ಜನ ಗೋಪಾಲಗೌಡರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದರು. ಅಂಗಳದ ಪ್ರಶ್ನೆ ಶಾಸನಸಭೆಯ ಪ್ರಶ್ನೆಯಾಯಿತು. ಒಡೆಯರ ಮುಂದೆ ತಲೆಯೆತ್ತಿ ಮಾತನಾಡಿದವರು ಮರಳಿ ಮೊದಲಿನಂತಾಗಲಿಲ್ಲ. ನನ್ನ ಮಟ್ಟಿಗೆ ಚಳವಳಿಯ ಮೊದಲ ಫಲ ಇದೇ, ಕಾನೂನು ಆಮೇಲಿನ ಮಾತು. ನೀವು ಕಂಡ ಧರಣಿಯವರು ಎದ್ದು ಹೋದದ್ದು ನಿಜವಿರಬಹುದು. ಹೋದ ಮೇಲೆ ತಮ್ಮ ಊರಿನಲ್ಲಿ ಅವರು ಸಂಘವನ್ನು ಉಳಿಸಿಕೊಂಡರೇ ಎಂಬುದನ್ನು ವಿಚಾರಿಸಿ ನೋಡಿ.

ಪ್ರಶ್ನೆ: ಉಳುವವನಿಗೆ ಭೂಮಿ ಕೊಟ್ಟವರು ದೇವರಾಜ ಅರಸರು. ಅದರ ಕೀರ್ತಿಯನ್ನು ಇಪ್ಪತ್ತು ವರ್ಷ ಹಿಂದಿನ ಸತ್ಯಾಗ್ರಹಕ್ಕೆ ಕೊಡುವುದು ಸರಿಯೇ?
– ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ಅರಸರ ಪಾಲನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದೇ 1965ರಲ್ಲಿ, ಅದರಲ್ಲೂ ಒಡೆಯರು ಸ್ವಂತ ಸಾಗುವಳಿಯ ಹೆಸರಿನಲ್ಲಿ ಜಮೀನನ್ನು ಹಿಂಪಡೆಯಲು ದಾರಿಯಿತ್ತು. ಆ ದಾರಿಯನ್ನು ಮುಚ್ಚಿದ್ದು ಅರಸರ ಸರ್ಕಾರದ ತಿದ್ದುಪಡಿ. 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು, ಅಂದರೆ ಸರ್ಕಾರದ ಒಡೆತನಕ್ಕೆ ಬಂತು. ಅದರ ಹಕ್ಕು ಪಡೆಯಲು ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು, ಜನರ ಬಾಯಲ್ಲಿ ಅದು ‘ಡಿಕ್ಲರೇಶನ್’. ಕೊನೆಯ ದಿನಾಂಕ 1979ರ ಜೂನ್ 30ರವರೆಗೂ ವಿಸ್ತರಣೆಯಾಯಿತು. ಸಿವಿಲ್ ನ್ಯಾಯಾಲಯಗಳನ್ನು ದೂರವಿಟ್ಟು ಭೂನ್ಯಾಯ ಮಂಡಳಿಗಳನ್ನು ರಚಿಸಿ, ಅವುಗಳ ಮುಂದೆ ಆರಂಭದಲ್ಲಿ ವಕೀಲರಿಗೆ ಅವಕಾಶವನ್ನೇ ಕೊಡದಿದ್ದುದು ಆ ಕಾಲಕ್ಕೆ ಬಹಳ ದಿಟ್ಟ ತೀರ್ಮಾನ.

ಆದರೆ ಕಾನೂನು ತಾನಾಗಿ ಎದ್ದು ಬಂದು ಯಾರ ಗದ್ದೆಯಲ್ಲೂ ನಿಲ್ಲುವುದಿಲ್ಲ. ಗೇಣಿ ಮಾತಿನಲ್ಲೇ ನಡೆಯುತ್ತಿತ್ತು, ಕೈಯಲ್ಲಿ ರಶೀದಿಯಿಲ್ಲ, ಪಹಣಿಯ ಸಾಗುವಳಿದಾರರ ಕಲಂನಲ್ಲಿ ಹೆಸರೂ ಇಲ್ಲ. ಹೀಗಿರುವ ಮನುಷ್ಯನೊಬ್ಬ, ತಾತನ ಕಾಲದಿಂದ ‘ಧಣಿ’ ಎಂದು ಕರೆದವರ ವಿರುದ್ಧ ಅರ್ಜಿಗೆ ಹೆಬ್ಬೆಟ್ಟು ಒತ್ತಿ, ಮಂಡಳಿಯ ಮುಂದೆ ಅವರೆದುರೇ ‘ಈ ಗದ್ದೆ ನಾನು ಉಳುತ್ತಿರುವುದು’ ಎಂದು ಹೇಳಬೇಕಿತ್ತು. ಆ ಧೈರ್ಯವನ್ನು ಯಾವ ಗೆಜೆಟ್ಟೂ ಕೊಡಲಾರದು. ನಿಮ್ಮ ಕರಾವಳಿಯಲ್ಲಿ ಕಮ್ಯುನಿಸ್ಟರು, ಸಾಗರದ ಕಡೆ ಸಮಾಜವಾದಿಗಳು ಗೇಣಿದಾರರ ನಡುವೆ ವರ್ಷಗಟ್ಟಲೆ ಸಂಘಟನೆ ಮಾಡಿದ್ದರು. ಸಂಘದ ಬಲವಿದ್ದಲ್ಲಿ ಸಾಕ್ಷಿ ಹೇಳುವವರು ಸಿಕ್ಕರು. ಬಲವಿಲ್ಲದ ಎಷ್ಟೋ ಊರುಗಳಲ್ಲಿ ಅರ್ಜಿಯೇ ಬೀಳಲಿಲ್ಲ ಅಥವಾ ಹೆದರಿಕೆಗೋ ದಾಕ್ಷಿಣ್ಯಕ್ಕೋ ಬಿದ್ದ ಅರ್ಜಿ ವಾಪಸಾಯಿತು. ಒಂದೇ ಕಾಯ್ದೆ ಊರಿಂದೂರಿಗೆ ಬೇರೆ ಬೇರೆ ಫಲ ಕೊಟ್ಟದ್ದರ ಹಿಂದೆ ಈ ಕಾರಣವಿದೆ. ಗೋಪಾಲಗೌಡರು 1972ರಲ್ಲೇ ತೀರಿಕೊಂಡರು, ಈ ದಿನವನ್ನು ಅವರು ನೋಡಲಿಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ.

ಪ್ರಶ್ನೆ: ಈ ಬದಲಾವಣೆಯಲ್ಲಿ ಕೂಲಿಯವರಿಗೆ, ಹೆಂಗಸರಿಗೆ ಸಿಕ್ಕಿದ್ದೇನು?
– ಅಂಗನವಾಡಿ ಕಾರ್ಯಕರ್ತೆ, ಕೋಲಾರ

ಉತ್ತರ: ಬಹಳ ಕಡಿಮೆ. ಗೇಣಿದಾರನಿಗೆ ಭೂಮಿ ಬಂತು, ಅದೇ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬರಲಿಲ್ಲ, ಏಕೆಂದರೆ ಕಾಯ್ದೆಯ ಕಣ್ಣಿನಲ್ಲಿ ಅವರು ಗೇಣಿದಾರರೇ ಆಗಿರಲಿಲ್ಲ. ಅವರಲ್ಲಿ ದೊಡ್ಡ ಪಾಲು ದಲಿತರು. ಹಕ್ಕುಪತ್ರಗಳು ಕೂಡ ಬಹುಮಟ್ಟಿಗೆ ಮನೆಯ ಗಂಡಸರ ಹೆಸರಿಗೇ ಆದವು, ನಾಟಿ ಮಾಡಿ ಕಳೆ ಕಿತ್ತ ಹೆಂಗಸರ ಹೆಸರು ಕಡತಕ್ಕೆ ಬರಲಿಲ್ಲ. ಚಳವಳಿ ಯಾರನ್ನು ಮುಂದಿಟ್ಟುಕೊಂಡು ಬೇಡಿಕೆ ರೂಪಿಸುತ್ತದೋ ಕಾನೂನು ಸಾಮಾನ್ಯವಾಗಿ ಅವರನ್ನೇ ಮುಟ್ಟುತ್ತದೆ, ಉಳಿದವರು ತಮ್ಮ ಹೋರಾಟವನ್ನು ತಾವೇ ಕಟ್ಟಬೇಕಾಗುತ್ತದೆ. ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರು ಮತ್ತು ಸಂಗಾತಿಗಳು ಕಟ್ಟಿದ ದಲಿತ ಸಂಘರ್ಷ ಸಮಿತಿ ಮಾಡಿದ್ದು ಅದನ್ನೇ. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರರ ಕೈಸೇರದಂತೆ ತಡೆಯುವ ಕಾಯ್ದೆಯೂ 1978ರಲ್ಲಿ ಬಂತು. ಜಮೀನು ಮರಳಿ ಕೇಳುವ ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅನೇಕ ಪ್ರಕರಣಗಳು ಬಿದ್ದುಹೋದವು. ದಲಿತ ಸಂಘಟನೆಗಳು ಮತ್ತೆ ಒತ್ತಾಯಿಸಿದವು. ಕಾಲಮಿತಿ ಅನ್ವಯಿಸದು ಎಂಬ ತಿದ್ದುಪಡಿ ಬಂದದ್ದು 2023ರಲ್ಲಿ. ನಿಮ್ಮ ಊರಿನಲ್ಲಿ ಅಂಥ ಜಮೀನು ಕಳೆದುಕೊಂಡ ಕುಟುಂಬಗಳಿದ್ದರೆ ಅವರು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು.