‘ನೀನು ಸಬ್, ಬೇಡ ಅನ್ನುವ ಹಾಗಿಲ್ಲ’ ಎಂದರೆ ಏನು ಮಾಡಲಿ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ವಯಸ್ಸು 28. ಪುಣೆಯ ಹಿಂಜವಡಿಯಲ್ಲಿ ಕೆಲಸ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ಒಬ್ಬರು ತಾವು ‘ಡಾಮ್’ ಎನ್ನುತ್ತಾರೆ. ಹಿಡಿತ ಸಂಗಾತಿಯ ಕೈಯಲ್ಲಿದ್ದರೆ ನನಗಿಷ್ಟ ಎಂದು ಹೇಳಿದ್ದೆ. ‘ಹಾಗಾದರೆ ನೀನು ಸಬ್. ನಿಜವಾದ ಸಬ್ ಬೇಡ ಅನ್ನುವುದಿಲ್ಲ’ ಎಂದರು. ಹೌದಾ? ಡಾಮ್, ಟಾಪ್ ಎರಡೂ ಒಂದೇನಾ?

ಉತ್ತರ: ಖಂಡಿತ ಬೇಡ ಅನ್ನಬಹುದು. ಮೊದಲೇ ಅನ್ನಬಹುದು, ಅರ್ಧಕ್ಕೂ ಅನ್ನಬಹುದು. ಕಾರಣ ಹೇಳಬೇಕಿಲ್ಲ. ನೀವು ಹೇಳಿದ್ದು ನಿಮಗೇನಿಷ್ಟ ಎಂದು ಮಾತ್ರ. ಯಾವುದಕ್ಕೂ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ನಮ್ಮ ಕಾನೂನೂ ಹೀಗೇ ನೋಡುತ್ತದೆ. 2013ರ ತಿದ್ದುಪಡಿಯ ನಂತರ, ಒಪ್ಪಿಗೆ ಎಂದರೆ ಆ ನಿರ್ದಿಷ್ಟ ಕ್ರಿಯೆಗೆ ಸ್ವಂತ ಮನಸ್ಸಿನಿಂದ ಸ್ಪಷ್ಟವಾಗಿ ಕೊಟ್ಟ ಒಪ್ಪಿಗೆ. ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಒಪ್ಪಿಗೆ ಆಗುವುದಿಲ್ಲ.

ಬಿಡಿಎಸ್ಎಂ ಎಂದರೆ ಕಟ್ಟುವುದು, ಹಿಡಿತ, ನೋವು ಇವುಗಳ ಸುತ್ತ ಒಪ್ಪಿಗೆಯಿಂದ ನಡೆಯುವ ಲೈಂಗಿಕ ಆಟ. ಅದನ್ನು ಬಲ್ಲವರ ನಡುವೆ ಡಾಮ್ ಎಂದರೆ ಹಿಡಿತ ತೆಗೆದುಕೊಳ್ಳುವವರು. ಸಬ್ ಎಂದರೆ ಮಾತಾಡಿಕೊಂಡು, ಒಂದು ಮಿತಿಯೊಳಗೆ ಹಿಡಿತ ಬಿಟ್ಟುಕೊಡುವವರು. ಎರಡೂ ಇಷ್ಟಪಡುವವರು ಸ್ವಿಚ್. ಟಾಪ್, ಬಾಟಮ್ ಬೇರೆ. ಆ ಹೊತ್ತಿಗೆ ಕಟ್ಟುವವರು, ಹೊಡೆಯುವವರು ಟಾಪ್, ಕಟ್ಟಿಸಿಕೊಳ್ಳುವವರು ಬಾಟಮ್. ‘ನನ್ನನ್ನು ಹೀಗೆ ಕಟ್ಟು’ ಎಂದು ಆಜ್ಞೆ ಮಾಡುವ ಡಾಮ್ ಕೂಡ ಇರುತ್ತಾರೆ. ಆಗ ಅವರೇ ಬಾಟಮ್.

ಜಪಾನಿನಲ್ಲಿ ಎಸ್ (ಕಾಡಿಸುವವರು), ಎಂ (ಕಾಡಿಸಿಕೊಳ್ಳುವವರು) ಎಂಬ ಅಕ್ಷರಗಳು ಹರಟೆಯಲ್ಲೂ ಬರುತ್ತವೆ, ಸ್ವಭಾವ ಹೇಳುವುದಕ್ಕೆ. ಅಲ್ಲಿನ ಹುಡುಗಿಯೊಬ್ಬಳು ‘ನಾನು ಎಂ’ ಎಂದು ನಕ್ಕರೆ ಅದು ಹಾಸಿಗೆಗೆ ಕರೆದ ಹಾಗಲ್ಲ. ನಿಮ್ಮ ಮಾತೂ ಅಷ್ಟೇ.

‘ಇದೆಲ್ಲ ವಿದೇಶದಿಂದ ಬಂದಿದ್ದು, ಅಲ್ಲಿನ ನಿಯಮ ಹೀಗೇ’ ಎಂದು ಹೆದರಿಸುವವರೂ ಸಿಗುತ್ತಾರೆ. ಎರಡೂ ಸುಳ್ಳು. ಅಮೆರಿಕದ ಸಲಿಂಗಿ ಗಂಡಸರ ಗುಂಪೊಂದು 1980ರ ದಶಕದಲ್ಲೇ ‘ಸುರಕ್ಷಿತವಾಗಿರಲಿ, ವಿವೇಕವಿರಲಿ, ಒಪ್ಪಿಗೆಯಿರಲಿ’ ಎಂಬ ಸೂತ್ರ ಮುಂದಿಟ್ಟಿತ್ತು. ಇನ್ನು ನಮ್ಮ ವಾತ್ಸ್ಯಾಯನ ಕಾಮಸೂತ್ರದಲ್ಲಿ ಹೊಡೆತಗಳಿಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಆದರೆ ಅಲ್ಲೇ ಎಚ್ಚರಿಕೆಯನ್ನೂ ಕೊಡುತ್ತಾನೆ. ಕುಂತಲದ ರಾಜ ಶಾತಕರ್ಣಿ ಶಾತವಾಹನನ ಇಂಥದೇ ಹೊಡೆತದಿಂದ ರಾಣಿ ಮಲಯವತಿ ಸತ್ತಳು ಎಂದು ಬರೆದಿದ್ದಾನೆ. ಕುಂತಲ ಎಂದರೆ ಹೆಚ್ಚುಕಡಿಮೆ ನಿಮ್ಮ ಹುಬ್ಬಳ್ಳಿ ಕಡೆಯ ನಾಡೇ.

ಅವರನ್ನು ಮತ್ತೆ ಭೇಟಿಯಾಗುವ ಮನಸ್ಸಿದ್ದರೆ, ಒಂದು ಕೆಫೆಯಲ್ಲಿ ಕೂತು, ಆಟ ನಿಲ್ಲಿಸಲು ಮೊದಲೇ ಗೊತ್ತುಮಾಡಿಕೊಳ್ಳುವ ಮಾತು, ಅಂದರೆ ಸೇಫ್‌ವರ್ಡ್ ಯಾವುದು ಎಂದು ಕೇಳಿ. ಕೆಂಪು ಎಂದರೆ ನಿಲ್ಲಿಸು, ಹಳದಿ ಎಂದರೆ ನಿಧಾನ, ಇದು ಹಲವು ಕಡೆ ಬಳಕೆಯಲ್ಲಿದೆ. ‘ಅದೆಲ್ಲ ಬೇಕಾಗಿಲ್ಲ’ ಎಂದರೆ ದಯವಿಟ್ಟು ಎದ್ದು ಬನ್ನಿ. ನಿಮ್ಮ ಆಸೆಯಲ್ಲಿ ತಪ್ಪಿಲ್ಲ. ಆ ಮನುಷ್ಯನ ಮೇಲೆ ನನಗೆ ನಂಬಿಕೆ ಬರುತ್ತಿಲ್ಲ.

ಪ್ರಶ್ನೆ: ಉಡುಪಿ ಕಡೆಯವನು, ಮುಂಬೈನ ಘಾಟ್ಕೋಪರ್‌ನಲ್ಲಿ ಹೋಟೆಲ್ ಕೆಲಸ. ಗಂಡಸರ ಜೊತೆ ಸಂಬಂಧವಿದೆ. ಗೆಳೆಯರು ನನ್ನನ್ನು ಕೋಥಿ ಅನ್ನುತ್ತಾರೆ, ಆ್ಯಪ್‌ನಲ್ಲಿ ಬಾಟಮ್ ಎಂದು ಹಾಕಿದ್ದೇನೆ. ಡಾಕ್ಟರ ಹತ್ತಿರ ಯಾವುದು ಹೇಳಲಿ?

ಉತ್ತರ: ಎರಡೂ ಬೇಡ. ಏನು ನಡೆಯಿತು, ಕಾಂಡೋಮ್ ಇತ್ತಾ ಇಲ್ಲವಾ, ಅಷ್ಟು ಹೇಳಿ ಸಾಕು.

ಕೋಥಿ ಎಂದರೆ ಗಂಡಸರನ್ನು ಇಷ್ಟಪಡುವ, ಹೆಣ್ತನದ ನಡೆಯವರು. ಅದರಲ್ಲಿ ಹಾಸಿಗೆಗಿಂತ ಜಾಸ್ತಿ ಸಂಗತಿ ಇದೆ. ನಡೆ, ನುಡಿ, ಹೆಣ್ತನ, ಕಷ್ಟಕ್ಕೆ ಆಗುವ ಗೆಳೆಯರ ಬಳಗ, ಎಲ್ಲ ಸೇರುತ್ತದೆ. ಆ್ಯಪ್‌ನ ಬಾಟಮ್ ಎಂದರೆ ಸಂಭೋಗದಲ್ಲಿ ಒಳಗೆ ಪಡೆಯುವವರು ಅಷ್ಟೇ, ಅದಕ್ಕೆ ಈ ಬಳಗ ಇಲ್ಲ. ಪಂಥಿ ಎಂಬುದು ಹೆಚ್ಚಾಗಿ ಕೋಥಿಗಳು ತಮ್ಮ ಗಂಡಸುತನದ, ಒಳಸೇರಿಸುವ ಸಂಗಾತಿಗೆ ಇಟ್ಟ ಹೆಸರು. ಆತ ಅದನ್ನು ಕೇಳಿರಲಿಕ್ಕಿಲ್ಲ, ತಾನು ಸಲಿಂಗಿ ಎಂದೂ ಒಪ್ಪದಿರಬಹುದು. ಲ್ಯಾಟಿನ್ ಅಮೆರಿಕದ ಹಲವೆಡೆ ‘ಆಕ್ಟಿವೊ’ (ಒಳಸೇರಿಸುವ) ಗಂಡಸರೂ ಹಾಗೇ ಭಾವಿಸಿಕೊಂಡು ಬಂದಿದ್ದಾರೆ. ಇಂಥ ಗಂಡಸು ತನಗೆ ರೋಗದ ಅಪಾಯವಿಲ್ಲ ಎಂದು ಪರೀಕ್ಷೆಗೇ ಹೋಗದೆ ಇರಬಹುದು. ಅದರ ಪೆಟ್ಟು ನಿಮಗೂ ಬೀಳಬಹುದು. ಕಾಂಡೋಮ್ ಇಲ್ಲದ ಗುದಸಂಭೋಗದಲ್ಲಿ ಒಳಗೆ ಪಡೆಯುವವರಿಗೆ ಎಚ್‌ಐವಿ ಅಪಾಯ ಹೆಚ್ಚು. ಆದರೆ ಟಾಪ್‌ಗೂ ಅಪಾಯ ಇದ್ದೇ ಇದೆ. ಸರ್ಕಾರಿ ಐಸಿಟಿಸಿ (ಎಚ್‌ಐವಿ ಆಪ್ತಸಮಾಲೋಚನೆ, ಪರೀಕ್ಷಾ) ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಕಾಂಡೋಮ್ ಹರಿದರೆ ತಡೆ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಬೇಗ ಆದಷ್ಟೂ ಒಳ್ಳೆಯದು. ಸಾಂತಾಕ್ರೂಜ್ ಕಡೆಯ ಹಮ್‌ಸಫರ್ ಟ್ರಸ್ಟ್ 1994ರಿಂದ ನಿಮ್ಮಂಥವರ ಜೊತೆ ಕೆಲಸ ಮಾಡುತ್ತಿದೆ. ಅಲ್ಲಿ ಸಂಕೋಚವಿಲ್ಲದೆ ಮಾತಾಡಬಹುದು.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿದ್ದೇವೆ, ಮದುವೆಯಾಗಿ ಆರು ವರ್ಷ. ಕೈ ಕಟ್ಟಿಸಿಕೊಳ್ಳುವುದು ಹೆಂಡತಿಗೆ ಇಷ್ಟ. ಇದು ಕಾಯಿಲೆಯಾ?

ಉತ್ತರ: ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಇಬ್ಬರೂ ಒಪ್ಪಿ ಮಾಡುವ ಇಂಥದ್ದು ಅದರಲ್ಲಿಲ್ಲ. ಅವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಬೇಡಿ. ಕುತ್ತಿಗೆಗೆ ಮಾತ್ರ ಏನೂ ಸುತ್ತಬಾರದು. ಕಟ್ಟಿದ ಮೇಲೆ ಒಬ್ಬರನ್ನೇ ಬಿಟ್ಟು ಹೋಗಬೇಡಿ, ಕತ್ತರಿ ಕೈಗೆ ಸಿಗುವ ಹಾಗಿರಲಿ. ಬೆರಳು ಜೋಮು ಹಿಡಿಯಿತು ಎಂದರೆ ಕೂಡಲೇ ಬಿಚ್ಚಿ.