ಕಾಳಿ ನದಿ ಅಂಚಲ್ಲಿ ಜೋತುಬಿದ್ದ ಪೊದೆ, ಅವರೆ ಹೂವಿನಂಥ ಹೂವು, ಯಾವ ಗಿಡ ಇದು?

ಕಾರವಾರದಲ್ಲಿ ಕಾಳಿ ನದಿ ದಡದ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯೋ ಮ್ಯಾಂಗ್ರೋವ್ ಮರ) ಸಾಲಲ್ಲಿ ಟೊಂಗೆ ಎಲ್ಲಾ ನೀರಿನ ಕಡೆ ಜೋತುಬಿದ್ದ ಪೊದೆ ನೋಡಿದ್ದೀರಿ, ಬಿಳಿ ಇಲ್ಲಾ ತಿಳಿಗುಲಾಬಿ ಹೂಗೊಂಚಲು, ಒಂದು ಕಡ್ಡಿಗೆ ಐದು ಮಿರುಗೋ ಎಲೆ, ಇದು ನಮ್ಮ ಕಡೆದೇ ಗಿಡವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಡೆರ್ರಿಸ್ ಟ್ರೈಫೋಲಿಯೇಟಾ, ನಮ್ಮ ಕರಾವಳಿದೇ.

ಜೋತುಬಿದ್ದದ್ದನ್ನ ಮಾತ್ರ ನೋಡಿ ಹೆಸರು ಹುಡುಕ್ಬೇಡಿ ಮಾರಾಯ್ರೆ, ಯಾಕಂದ್ರೆ ಇದು ಅಸಲಿಗೆ ಬಳ್ಳಿ, ಹತ್ತೋಕೆ ಕಾಂಡ್ಲಾ ಮರ ಸಿಕ್ರೆ ಮೇಲೆ ಹೋಗ್ತದೆ, ಸಿಗದಿದ್ರೆ ಅಲ್ಲೇ ಪೊದೆ ಆಗಿ ಬಾಗ್ತದೆ. ಹೂವೂ ಸಾಲೋದಿಲ್ಲ, ಅವರೆ ಜಾತಿದು ಅಂತ ಗೊತ್ತಾಗ್ತದೆ ಅಷ್ಟೇ, ಮೇಲೆ ಒಂದು ದೊಡ್ಡ ಎಸಳು, ಪಕ್ಕಕ್ಕೆ ಎರಡು, ಕೆಳಗೆ ದೋಣಿ ಹಾಗೆ ಕೂಡಿಕೊಂಡ ಎರಡು, ಹೊಂಗೆಗೂ ಹಾಗೇ ಇರ್ತದೆ.

ಕಾಯಿ ನೋಡಿ. ಡೆರ್ರಿಸ್ ಕಾಯಿ ಚಪ್ಪಟೆ, ತೆಳು, ಹೆಚ್ಚುಕಮ್ಮಿ ದುಂಡಗೆ, ಒಂದು ಅಂಚಿಗೆ ಮಾತ್ರ ಸಣ್ಣ ರೆಕ್ಕೆಪಟ್ಟಿ, ಒಳಗೆ ಒಂದೋ ಎರಡೋ ಬೀಜ. ಹೊಂಗೆ ಕಾಯಿ ದಪ್ಪ, ಗಟ್ಟಿ, ತುದಿಗೆ ಕೊಕ್ಕು, ಕೈಗೆ ಸಿಕ್ಕಿದ್ರೆ ಡೌಟೇ ಬರೋದಿಲ್ಲ. ನಿಜವಾಗಿ ಗೊಂದಲ ಮಾಡೋದು ಡಾಲ್ಬರ್ಜಿಯಾ ಕ್ಯಾಂಡೆನಾಟೆನ್ಸಿಸ್, ಅದೂ ಉಪ್ಪುನೀರಿನ ಅಂಚಿಗೇ ಬೆಳೀತದೆ, ಅದೂ ಬಳ್ಳಿಯೇ, ಆದ್ರೆ ಅದರ ಕಾಯಿ ಅರ್ಧಚಂದ್ರದ ಆಕಾರ, ಎಲೆ ಸಣ್ಣದು, ಕಡ್ಡಿ ಮೇಲೆ ಒಂದಾದ ಮೇಲೊಂದು ಆಚೀಚೆ ಕೂತಿರ್ತದೆ, ಡೆರ್ರಿಸ್‌ದು ಎದುರುಬದುರು ಜೋಡಿ ಮತ್ತೆ ತುದಿಗೊಂದು. ಕಾಯಿ ಇಲ್ಲದ ಟೈಮಲ್ಲಿ ಈ ಎಲೆ ಜೋಡಣೆ ನೋಡಿದ್ರೆ ಸಾಕು.

ಯಾರೋ ನಿಮಗೆ ಗ್ಲಿರಿಸಿಡಿಯಾ ಅಂದ್ರಂತೆ. ಟೊಂಗೆ ಬಾಗ್ತದೆ, ಗುಲಾಬಿ ಹೂವು, ಅಷ್ಟು ಹೌದು, ಆದ್ರೆ ಅದು ಮಧ್ಯ ಅಮೆರಿಕ ಕಡೆಯಿಂದ ಬಂದದ್ದು, ನಾವು ಬೇಲಿಗೆ, ಹಸಿರುಗೊಬ್ಬರಕ್ಕೆ ನೆಟ್ಟದ್ದು, ಕಾಯಿ ಉದ್ದ, ಒಣಗಿ ಸಿಡೀತದೆ. ಭರತದ (ಸಮುದ್ರ ಉಬ್ಬರದ) ನೀರಲ್ಲಿ ನಿಂತು ಬೆಳಿಯೋ ಗಿಡ ಅಲ್ಲ ಅದು.

ಇನ್ನೊಂದು, ಎಲೆಗಿಲೆ ಬಾಯಿಗೆ ಹಾಕ್ಬೇಡಿ. ಡೆರ್ರಿಸ್ ಬೇರಲ್ಲಿ ರೋಟೆನೋನ್ ಅನ್ನೋ ವಿಷ ಇರ್ತದೆ, ಈ ಜಾತಿಯ ಬೇರು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯೋದು ಹಲವು ದೇಶದಲ್ಲಿ ಹಳೇ ಪದ್ಧತಿ, ಮೀನಿನ ಮೈಗೆ ಆಕ್ಸಿಜನ್ ಬಳಸ್ಕೊಳ್ಳೋಕೆ ಆಗದೆ ಮೇಲೆ ತೇಲ್ತವೆ. ಕಿತ್ತು ತರೋದು ಬೇಡ, ಕಾಯಿ ಮತ್ತೆ ಒಂದು ಪೂರ್ತಿ ಎಲೆಕಡ್ಡಿ ಫೋಟೋ ಹಾಕಿ, ನೋಡಿ ಹೇಳ್ತೇನೆ.